ಇಪ್ಪತ್ತು ನಿಮಿಷದ ಬಾತುಕೋಳಿ

ಕಥೆ ಕಾದಂಬರಿಗಳಿಗೆ ವಿಮರ್ಶಕರಿದ್ದಾರೆ. ನಾಟಕಕ್ಕೆ, ಸಿನಿಮಾಕ್ಕೆ, ಸಂಗೀತ ಕಚೇರಿಗೂ ಇದ್ದಾರೆ. ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಓದಿಸಿಕೊಳ್ಳುವ, ಅರಿಸಿನ ಎಣ್ಣೆಗಳ ಕಲೆ ಹತ್ತಿ ಹಾಳೆಗೆ ಹಾಳೆ ಅಂಟಿಕೊಳ್ಳುವ ತನಕ ಬಳಕೆಯಾಗುವ ಬರಹವೊಂದಿದೆ. ಅದನ್ನು ಮಾತ್ರ ಯಾರೂ ವಿಮರ್ಶೆಗೆ ಎತ್ತಿಕೊಳ್ಳುವುದಿಲ್ಲ. ಅಡುಗೆ ಬರಹವೆಂದರೆ ಹೆಂಗಸರ ಪುಟದಲ್ಲಿ ಜಾಗ ತುಂಬುವ ಸಾಮಾನು ಎಂಬ ಭಾವನೆ ಇನ್ನೂ ಹೋಗಿಲ್ಲ. ಕಾದಂಬರಿಕಾರ ಒಂದು ಸುಳ್ಳು ಹೇಳಿದರೆ ಯಾರ ಊಟವೂ ತಪ್ಪುವುದಿಲ್ಲ. ಅಡುಗೆ ಬರೆಯುವವರು ಹೇಳಿದರೆ ರಾತ್ರಿ ಒಂಬತ್ತಾದರೂ ಮಕ್ಕಳು ಖಾಲಿ ತಟ್ಟೆ ಬಡಿಯುತ್ತ ಕೂತಿರುತ್ತಾರೆ. ಆದ್ದರಿಂದ ಈ ಬರಹಗಳನ್ನೂ ಒಮ್ಮೆ ಗಂಭೀರವಾಗಿ, ಪದ ಪದ ಬಿಡಿಸಿ ಓದಬೇಕೆಂದು ನನಗೆ ಬಹಳ ದಿನದಿಂದ ಇತ್ತು.

ಓದಲು ಆರಿಸಿಕೊಂಡದ್ದು ಒಂದೇ ಜಾತಿಯದು. ಇಂಗ್ಲೆಂಡಿನಲ್ಲಿ ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದಾಗ ಅದು ನನ್ನ ಕೈಗೆ ಮತ್ತೆ ಮತ್ತೆ ಸಿಕ್ಕಿತು. ಅಂಗಡಿಯಲ್ಲಿ ಪುಕ್ಕಟೆ ಕೊಡುವ ಪತ್ರಿಕೆಯಲ್ಲಿ, ಭಾನುವಾರದ ಪುರವಣಿಯಲ್ಲಿ, ಕೊನೆಗೆ ಮಾಂಸದ ಪೊಟ್ಟಣದ ಬೆನ್ನಿನ ಮೇಲೂ. ತಲೆಬರಹ ಹೆಚ್ಚುಕಡಿಮೆ ಒಂದೇ: ‘ಏಷ್ಯನ್ ಶೈಲಿಯ ದಿಢೀರ್ ಬಾತುಕೋಳಿ ಮತ್ತು ನೂಡಲ್ಸ್’. ಪಕ್ಕದಲ್ಲಿ ಪುಟ್ಟ ಗಡಿಯಾರದ ಚಿತ್ರ, ಅದರ ಕೆಳಗೆ ‘20 ನಿಮಿಷ’. ಸಸ್ಯಾಹಾರಿ ಓದುಗಿಯರು ಮೂಗು ಮುರಿದು ಪುಟ ತಿರುಗಿಸಬೇಡಿ. ನನ್ನ ಜಗಳ ಬಾತುಕೋಳಿಗಿಂತ ಹೆಚ್ಚಾಗಿ ಆ ಗಡಿಯಾರದ ಜೊತೆ. ನಿಮಗೂ ಒಂದು ಅಡುಗೆ ಕೊನೆಯಲ್ಲಿದೆ.

ಅಂಥದ್ದೊಂದು ರೆಸಿಪಿಯನ್ನು ಮುಂದಿಟ್ಟುಕೊಳ್ಳೋಣ. ಬರೆದವರ ಹೆಸರು ಬೇಡ; ಇಂಥವು ನೂರಿವೆ. ಚರ್ಮವಿರುವ ಬಾತುಕೋಳಿ ಎದೆಯ ತುಂಡು ಎರಡು, ಪಂಚಮಸಾಲೆ ಪುಡಿ ಒಂದು ಚಮಚ, ಮೊಟ್ಟೆಯ ನೂಡಲ್ಸ್ 200 ಗ್ರಾಂ, ಸೋಯಾ ಸಾಸ್, ಹೊಯ್ಸಿನ್ ಸಾಸ್, ಜೇನುತುಪ್ಪ. ‘ಎಳೆ ಎಳೆಯಾಗಿ ಹೆಚ್ಚಿದ’ ಶುಂಠಿ, ‘ಜಜ್ಜಿದ’ ಬೆಳ್ಳುಳ್ಳಿ, ‘ತೊಳೆದು ಬಿಡಿಸಿದ’ ಪಾಕ್ ಚಾಯ್ ಸೊಪ್ಪು, ‘ಓರೆಯಾಗಿ ಕತ್ತರಿಸಿದ’ ಎಳೆ ಈರುಳ್ಳಿ. ಮಾಡುವ ವಿಧಾನ ಆರೇ ಸಾಲು. ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಹಾಕಿ ಜೋರು ಉರಿಯಲ್ಲಿ ಕಾಯಿಸಿ. ಬಾತಿನ ತುಂಡು ಹಾಕಿ ಒಂದೊಂದು ಮಗ್ಗುಲು ನಾಲ್ಕು ನಿಮಿಷ ಕೆಂಪಗೆ ಹುರಿಯಿರಿ. ಅದನ್ನು ತೆಗೆದಿಟ್ಟು ಸೊಪ್ಪು ಬಾಡಿಸಿ, ನೂಡಲ್ಸ್ ಬೆರೆಸಿ, ಸಾಸ್ ಸುರಿದು ಬಡಿಸಿ. ಮುಗಿಯಿತು.

ಆ ಮೊದಲ ವಾಕ್ಯ ಓದಿದೊಡನೆ ನನಗನ್ನಿಸಿತು, ಬರೆದವರು ಬಾತುಕೋಳಿ ಬೇಯಿಸಿದವರಲ್ಲ. ಕೋಳಿಯ ರೆಸಿಪಿಯಲ್ಲಿ ಕೋಳಿಯನ್ನು ಎಬ್ಬಿಸಿ ಬಾತನ್ನು ಕೂರಿಸಿದ್ದಾರೆ. ಬಾತು ನೀರಿನ ಹಕ್ಕಿ. ತಣ್ಣೀರಿನಲ್ಲಿ ಮೈ ಬೆಚ್ಚಗಿರಲೆಂದು ಅದರ ಚರ್ಮದ ಕೆಳಗೆ ಸೆಟ್ ದೋಸೆಯಷ್ಟು ದಪ್ಪದ ಕೊಬ್ಬಿನ ಪದರ ಇರುತ್ತದೆ. ಅದನ್ನು ಎಣ್ಣೆಯಲ್ಲಿ ಹುರಿಯುವುದೆಂದರೆ ಬೆಣ್ಣೆ ಕಾಯಿಸಲು ತುಪ್ಪ ಸುರಿದಂತೆ. ಕಾದ ಎಣ್ಣೆಗೆ ಬಿದ್ದ ಚರ್ಮ ಎರಡೇ ನಿಮಿಷದಲ್ಲಿ ಮೇಲೆ ಕಪ್ಪಾಗುತ್ತದೆ, ಒಳಗಿನ ಕೊಬ್ಬು ಕರಗದೆ ರಬ್ಬರಿನಂತೆ ಉಳಿಯುತ್ತದೆ. ಬಾತು ತಿಂದವರಲ್ಲಿ ಅರ್ಧ ಜನ ‘ಜಿಡ್ಡು ಜಿಡ್ಡು, ಬೇಡಪ್ಪ’ ಅನ್ನುವುದು ಈ ಒಂದು ಸಾಲಿನಿಂದ.

ಮಾಡಬೇಕಾದದ್ದು ತಿರುಗಾಮುರುಗಾ. ಚರ್ಮವನ್ನು ಕಾಗದದಿಂದ ಒತ್ತಿ ಒಣಗಿಸಿ, ಚಾಕುವಿನಿಂದ ಶಂಕರಪೋಳಿಗೆ ಗೀರುವಂತೆ ಅಡ್ಡಡ್ಡ ಗೀರಬೇಕು. ಕೊಬ್ಬಿಗೆ ತಾಗಬೇಕು, ಮಾಂಸಕ್ಕೆ ತಾಗಬಾರದು. ಉಪ್ಪು ಸವರಿ, ಎಣ್ಣೆಯಿಲ್ಲದ ತಣ್ಣನೆಯ ಬಾಣಲೆಯಲ್ಲಿ ಚರ್ಮ ಕೆಳಗಾಗಿ ಮಲಗಿಸಿ, ಆಮೇಲೆ ಸಣ್ಣ ಉರಿ ಹಚ್ಚಬೇಕು. ಬಾಣಲೆಯೂ ಚರ್ಮವೂ ಒಟ್ಟಿಗೆ ಬಿಸಿಯಾಗುತ್ತ ಹೋಗುವುದರಿಂದ ಕೊಬ್ಬು ಮೊದಲು ಕರಗಿ ಹೊರಗೆ ಬರುತ್ತದೆ, ಆಮೇಲೆ ಚರ್ಮ ಆ ಕೊಬ್ಬಿನಲ್ಲೇ ಗರಿಯಾಗುತ್ತದೆ. ಇದಕ್ಕೆ ಹತ್ತು ನಿಮಿಷ ಬೇಕು, ಕೆಲವೊಮ್ಮೆ ಹನ್ನೆರಡು. ನಡುನಡುವೆ ಕರಗಿದ ಕೊಬ್ಬನ್ನು ಒಂದು ಬಟ್ಟಲಿಗೆ ಬಸಿದುಕೊಳ್ಳಬೇಕು. ಆಮೇಲೆ ಮಗುಚಿ ಮೂರು ನಾಲ್ಕು ನಿಮಿಷ. ಜೇನುತುಪ್ಪ, ಸಾಸುಗಳು ಕಟ್ಟಕಡೆಗೆ. ಸಕ್ಕರೆ ಇರುವ ಯಾವುದನ್ನೂ ಮೊದಲೇ ಹಾಕಿದರೆ ಸೀದುಹೋಗುತ್ತದೆ. ಒಲೆಯಿಂದ ಇಳಿಸಿ ಐದಾರು ನಿಮಿಷ ಮುಟ್ಟದೆ ಬಿಡಬೇಕು, ಇಲ್ಲದಿದ್ದರೆ ಕತ್ತರಿಸಿದಾಗ ರಸವೆಲ್ಲ ಹಲಗೆಯ ಪಾಲು. ‘ತೆಗೆದಿಟ್ಟು’ ಎಂಬ ಒಂದೇ ಪದದಲ್ಲಿ ಈ ಐದು ನಿಮಿಷವನ್ನು ಅಡಗಿಸಿಬಿಟ್ಟಿದ್ದಾರೆ ಮಹಾರಾಯ್ತಿ.

ಇನ್ನೊಂದು ವಿಷಯದಲ್ಲಿ ಈ ಬರಹಗಳು ಬಾಯಿಯನ್ನೇ ಬಿಡುವುದಿಲ್ಲ. ಬಾತುಕೋಳಿಯ ಎದೆಮಾಂಸ ಕೋಳಿಯದರ ಹಾಗೆ ಬೆಳ್ಳಗಿಲ್ಲ, ಕುರಿಮಾಂಸದ ಹಾಗೆ ಕೆಂಪು. ಫೋಟೋದಲ್ಲಿ ಅದು ನಡುವೆ ಗುಲಾಬಿ ಬಣ್ಣದಲ್ಲಿ ಹೊಳೆಯುತ್ತಿರುತ್ತದೆ, ಹೋಟೆಲಿನ ಬಾಣಸಿಗರು ಹಾಗೇ ಬಡಿಸುತ್ತಾರೆ. ಅಮೆರಿಕದ ಕೃಷಿ ಇಲಾಖೆ ಮಾತ್ರ ಕೋಳಿ, ಬಾತು ಯಾವುದೇ ಆಗಲಿ ಒಳಗಿನ ಬಿಸಿ 74 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕೆನ್ನುತ್ತದೆ. ಅಷ್ಟಕ್ಕೆ ಗುಲಾಬಿ ಉಳಿಯುವುದಿಲ್ಲ. ಮನೆಯಲ್ಲಿ ಬಸುರಿಯೋ ಎಳೆಮಗುವೋ ಇದ್ದಾಗ ಇದು ಸಣ್ಣ ಮಾತಲ್ಲ. ಗುಲಾಬಿ ಫೋಟೋ ಹಾಕಿ, ಎರಡು ಮಾತಿನ ಎಚ್ಚರಿಕೆಗೆ ಜಾಗವಿಲ್ಲ ಅಂದರೆ ಅದು ಬೇಜವಾಬ್ದಾರಿ. ನಾನಂತೂ ಪೂರ್ತಿ ಬೇಯಿಸುತ್ತೇನೆ. ರುಚಿ ಒಂದು ಗುಲಗಂಜಿ ಕಡಿಮೆಯಾದರೂ ಆಯಿತು.

ಇನ್ನು ಗಡಿಯಾರ. ಒಂದು ಸಂಜೆ ನಾನು ಗೋಡೆಯ ಗಡಿಯಾರ ನೋಡುತ್ತಲೇ ಈ ಅಡುಗೆ ಮಾಡಿದೆ, ಸರಿಯಾದ ಕ್ರಮದಲ್ಲಿ. ಪೊಟ್ಟಣ ಬಿಡಿಸಿ, ಒಣಗಿಸಿ, ಗೀರಿ ಉಪ್ಪು ಸವರಲು ಐದು ನಿಮಿಷ. ಪಾಕ್ ಚಾಯ್ ಸೊಪ್ಪಿನ ದಂಟಿನ ಬುಡದಲ್ಲಿ ಮಣ್ಣು ಕೂತಿರುತ್ತದೆ, ಒಂದೊಂದೇ ಎಲೆ ಬಿಡಿಸಿ ತೊಳೆಯಲು ನಾಲ್ಕು. ಶುಂಠಿ, ಬೆಳ್ಳುಳ್ಳಿ, ಮೆಣಸಿನಕಾಯಿಗೆ ಎಂಟು. ಎಳೆ ಈರುಳ್ಳಿ ಹೆಚ್ಚಿ ಸಾಸುಗಳನ್ನು ಅಳೆದು ಬೆರೆಸಲು ನಾಲ್ಕು. ಅಂದರೆ ಒಲೆ ಹಚ್ಚುವ ಮೊದಲೇ ಇಪ್ಪತ್ತೊಂದು ನಿಮಿಷ. ಪತ್ರಿಕೆಯ ಲೆಕ್ಕದಲ್ಲಿ ಆ ಹೊತ್ತಿಗೆ ನಾವು ಊಟ ಮುಗಿಸಿ ಕೈ ತೊಳೆಯುತ್ತಿರಬೇಕು. ಒಟ್ಟು ಆದದ್ದು ನಲವತ್ತೊಂಬತ್ತು ನಿಮಿಷ. ಬಾಣಲೆ ತಿಕ್ಕಿದ್ದನ್ನು ಸೇರಿಸಿಲ್ಲ. ಕೈ ನಿಧಾನವೆಂದು ನನ್ನನ್ನು ಅತ್ತೆಯವರು ಕೂಡ ಅಂದವರಲ್ಲ.

ಮೋಸ ಇರುವುದು ವ್ಯಾಕರಣದಲ್ಲಿ. ‘ಹೆಚ್ಚಿದ’, ‘ಜಜ್ಜಿದ’, ‘ತೊಳೆದ’, ‘ಬಿಡಿಸಿದ’. ಈ ಪದಗಳನ್ನು ನೋಡಿ. ಕ್ರಿಯೆ ಮುಗಿದುಹೋಗಿದೆ, ಮಾಡಿದವಳು ಕಾಣುವುದಿಲ್ಲ. ಸಾಮಾನಿನ ಪಟ್ಟಿಯಲ್ಲಿ ವಿಶೇಷಣವಾಗಿ ಕೂತ ಕೆಲಸಕ್ಕೆ ಗಡಿಯಾರದಲ್ಲಿ ಜಾಗವಿಲ್ಲ. ನಮ್ಮ ಪತ್ರಿಕೆಗಳೇನು ಕಡಿಮೆಯಲ್ಲ. ‘ದಿಢೀರ್ ಬಿಸಿಬೇಳೆಬಾತ್, 15 ನಿಮಿಷ’ ಎಂದು ಬರೆದು ಕೆಳಗೆ ‘ಬೇಯಿಸಿದ ತೊಗರಿಬೇಳೆ 1 ಬಟ್ಟಲು, ತುರಿದ ತೆಂಗಿನಕಾಯಿ ಅರ್ಧ ಬಟ್ಟಲು, ಹುಣಿಸೆರಸ 4 ಚಮಚ’ ಅನ್ನುತ್ತಾರೆ. ಕಾಯಿ ಒಡೆದವರು ಯಾರು, ತುರಿದವರು ಯಾರು, ಹುಣಿಸೆ ನೆನೆಹಾಕಿ ಕಿವುಚಿದವರು ಯಾರು? ದೇವತೆಗಳು ಬಂದು ಮಾಡಿಟ್ಟು ಹೋಗಿರಬೇಕು.

ಈ ಆಟ ಹೊರಗಿನವರಿಗೂ ಗೊತ್ತಾಗಿದೆ. ಈರುಳ್ಳಿ ಐದು ಹತ್ತು ನಿಮಿಷದಲ್ಲಿ ಕಂದು ಬಣ್ಣಕ್ಕೆ ಬರುತ್ತದೆ ಎಂದು ರೆಸಿಪಿಗಳು ಒಂದೇ ಸಮನೆ ಸುಳ್ಳು ಬರೆಯುತ್ತಿವೆಯೆಂದು 2012ರಲ್ಲಿ ಟಾಮ್ ಸ್ಕೋಕಾ ಎಂಬ ಅಮೆರಿಕದ ಪತ್ರಕರ್ತ ದಾಖಲೆ ಸಮೇತ ಬರೆದ. ನಿಜಕ್ಕೆ ಬೇಕಾದದ್ದು ಮುಕ್ಕಾಲು ಗಂಟೆ. ನಮ್ಮಲ್ಲಿ ಬಿರಿಯಾನಿಗೆ ಈರುಳ್ಳಿ ಹುರಿದ ಯಾವ ಹೆಂಗಸಾದರೂ ಹೇಳಬಹುದಾಗಿದ್ದ ಸಂಗತಿ. ಯಾರೂ ಕೇಳಲಿಲ್ಲ ಅಷ್ಟೆ. ಇಂಗ್ಲೆಂಡಿನ ಪ್ರಸಿದ್ಧ ಬಾಣಸಿಗ ಜೇಮೀ ಆಲಿವರ್ 2010ರಲ್ಲಿ ಮೂವತ್ತು ನಿಮಿಷದ ಊಟಗಳ ಪುಸ್ತಕ ತಂದರು, 2012ರಲ್ಲಿ ಹದಿನೈದು ನಿಮಿಷದ್ದು. ಎರಡು ವರ್ಷದಲ್ಲಿ ಈರುಳ್ಳಿ ಮೆತ್ತಗಾಗಲಿಲ್ಲ, ಬೆಂಕಿ ಹೆಚ್ಚು ಬಿಸಿಯಾಗಲಿಲ್ಲ. ಕಡಿಮೆಯಾದದ್ದು ಅಂಕಿ ಮಾತ್ರ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಕೋಪವೇ ಎಂದು ಕೇಳಬಹುದು. ನನ್ನ ಮಗಳು ಸಂಜೆ ಆರೂಕಾಲಕ್ಕೆ ಮನೆಗೆ ಬರುತ್ತಾಳೆ, ಒಂದು ಕೈಯಲ್ಲಿ ಶಿಶುವಿಹಾರದಿಂದ ಕರೆತಂದ ಮಗು, ಇನ್ನೊಂದರಲ್ಲಿ ಚೀಲ. ಆ ಇಪ್ಪತ್ತು ನಿಮಿಷದ ಪುಟ ಅವಳ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿತ್ತು. ಏಳೂವರೆಗೂ ಅಡುಗೆ ಆಗದಿದ್ದಾಗ ಅವಳು ಪುಟವನ್ನು ಬೈಯಲಿಲ್ಲ. ‘ನಂಗೆ ಕೈ ಓಡಲ್ಲಮ್ಮ, ನಿನ್ನ ಹಾಗೆ ಅಲ್ಲ’ ಅಂದಳು. ನನಗೆ ಹೊಟ್ಟೆಯಲ್ಲಿ ಸಂಕಟವಾದದ್ದು ಅದಕ್ಕೆ. ಎಂಟು ಗಂಟೆ ಕಚೇರಿಯಲ್ಲಿ ದುಡಿದು ಬಂದ ಹೆಂಗಸು, ಯಾರೋ ಮೇಜಿನ ಮುಂದೆ ಕೂತು ಬರೆದ ಒಂದು ಅಂಕಿಯನ್ನು ನಂಬಿ ತನ್ನ ಕೈಯನ್ನೇ ದೂರುತ್ತಾಳೆ. ಗಂಡನೂ ಆ ಗಡಿಯಾರದ ಚಿತ್ರ ನೋಡಿರುತ್ತಾನೆ. ಇಪ್ಪತ್ತು ನಿಮಿಷದ ಕೆಲಸಕ್ಕೆ ಇಬ್ಬರು ಯಾಕೆ ಬೇಕು ಎಂದು ಆರಾಮಾಗಿ ಟೀವಿ ಮುಂದೆ ಕೂರುತ್ತಾನೆ. ನಲವತ್ತೊಂಬತ್ತು ಎಂದು ಬರೆದಿದ್ದರೆ ಶುಂಠಿ ಹೆಚ್ಚಲಾದರೂ ಎದ್ದು ಬರುತ್ತಿದ್ದನೇನೋ.

ಹಾಗೆಂದು ಬೇಗ ಆಗುವ ಅಡುಗೆಯೇ ಸುಳ್ಳೆಂದು ನಾನು ಹೇಳುತ್ತಿಲ್ಲ. ಹಿಂದಿನವರದೆಲ್ಲ ನಿಧಾನ, ಈಗಿನದೆಲ್ಲ ಅವಸರ ಎಂಬ ಹಳಹಳಿಕೆಯೂ ನನಗಿಲ್ಲ. ನಮ್ಮ ಅಜ್ಜಿಯೂ ಹದಿನೈದು ನಿಮಿಷದಲ್ಲಿ ಹತ್ತು ಜನಕ್ಕೆ ಸಾರು ಅನ್ನ ಬಡಿಸಬಲ್ಲವಳಾಗಿದ್ದಳು. ಅದರ ಹಿಂದೆ ಬೇಸಿಗೆಯಲ್ಲಿ ಹುರಿದು ಕುಟ್ಟಿದ ಸಾರಿನಪುಡಿ, ಮಾಳಿಗೆಯಲ್ಲಿ ಒಣಗಿಸಿದ ಶಾವಿಗೆ, ಹಪ್ಪಳ, ಭರಣಿಯ ಉಪ್ಪಿನಕಾಯಿ ಇದ್ದವು. ಅವಳು ಬೇಗ ಮಾಡುತ್ತಿರಲಿಲ್ಲ, ಮೊದಲೇ ಮಾಡಿಟ್ಟಿರುತ್ತಿದ್ದಳು. ಆ ಮೊದಲಿನ ಕೆಲಸ ಯಾರದೆಂದು ಮನೆಯವರಿಗೆಲ್ಲ ಗೊತ್ತಿತ್ತು, ಅಷ್ಟೇ ವ್ಯತ್ಯಾಸ.

ಬಾತು ನೂಡಲ್ಸಿನ ಹಿಂದೆಯೂ ಹಾಗೆ ಕೂಡಿಟ್ಟ ಕಾಲವಿದೆ. ಕ್ರಮವಾಗಿ ಹುದುಗಿಸಿದ ಸೋಯಾ ಸಾಸಿಗೆ ತಿಂಗಳುಗಟ್ಟಲೆ ಬೇಕು. ಸೋಯಾಕಾಳು, ಗೋಧಿ, ಉಪ್ಪುನೀರು, ಬೂಷ್ಟಿನ ಕೆಲಸ ಅದು. ಆಮ್ಲ ಹಾಕಿ ಕೆಲವೇ ದಿನದಲ್ಲಿ ಇಳಿಸುವ ಅಗ್ಗದ ಸಾಸೂ ಇದೆ. ಸೀಸೆಯ ಚೀಟಿ ಓದಿ ಕೊಳ್ಳಿ, ರುಚಿಯಲ್ಲಿ ಅಜಗಜಾಂತರ. ಹೊಯ್ಸಿನ್ ಕೂಡ ಹುದುಗಿಸಿದ ಸೋಯಾದ ಸಿಹಿ ಗೊಜ್ಜೇ. ಆ ಹೆಸರಿಗೆ ಕ್ಯಾಂಟೊನೀಸ್ ಭಾಷೆಯಲ್ಲಿ ಕಡಲ ತಿನಿಸು ಎಂದು ಅರ್ಥ, ಅದರಲ್ಲಿ ಮೀನಿನ ವಾಸನೆಯೂ ಇಲ್ಲ. ಪಂಚಮಸಾಲೆಯಲ್ಲಿ ಚಕ್ರಮೊಗ್ಗು, ಚಕ್ಕೆ, ಲವಂಗ, ಸೋಂಪು ನಮಗೆ ಗೊತ್ತಿದ್ದವೇ. ಐದನೆಯದು ನಾಲಿಗೆಯನ್ನು ಜುಮ್ಮೆನ್ನಿಸುವ ಸಿಚುವಾನ್ ಮೆಣಸು. ಕರಾವಳಿಯ ಓದುಗಿಯರು ಇದನ್ನು ಮೂಸಿದರೆ ತಕ್ಷಣ ಗುರುತು ಹಿಡಿಯುತ್ತಾರೆ: ಕೊಂಕಣಿ ಮನೆಗಳಲ್ಲಿ ಬಂಗುಡೆ ಹುಳಿಗೆ ಹಾಕುವ ತೆಪ್ಪಳ, ನಮ್ಮ ಜುಮ್ಮನಕಾಯಿ, ಇದರ ದಾಯಾದಿ. ಸಸ್ಯಶಾಸ್ತ್ರದಲ್ಲಿ ಎರಡೂ ಒಂದೇ ಕುಲ.

ಬಾತಿನ ಕಥೆಯೂ ಕೇಳುವಂಥದ್ದು. 1873ರಲ್ಲಿ ಚೀನಾದಿಂದ ಹಡಗಿನಲ್ಲಿ ಅಮೆರಿಕಕ್ಕೆ ಹೋದ ಪೀಕಿಂಗ್ ತಳಿಯ ಬಿಳಿ ಬಾತುಗಳ ಸಂತಾನವೇ ಇವತ್ತು ಆ ದೇಶದ ಅಂಗಡಿಗಳಲ್ಲಿ ಸಿಗುವ ಬಾತು. ಅದೇ ತಳಿಯನ್ನು ಇಂಗ್ಲೆಂಡಿನ ಲಿಂಕನ್‌ಷೈರಿನ ಚೆರಿ ವ್ಯಾಲಿ ಎಂಬ ಕಂಪನಿ ಬೇಗ ಬೆಳೆಯುವಂತೆ ತಿದ್ದಿ ಮರಳಿ ಚೀನಾಕ್ಕೇ ಮಾರಿತು. 2017ರಲ್ಲಿ ಚೀನಾದ ಸಂಸ್ಥೆಗಳು ಆ ಕಂಪನಿಯನ್ನೇ ಕೊಂಡುಕೊಂಡವು. ತವರಿನ ಹುಡುಗಿ ಸಾಗರ ದಾಟಿ, ದಪ್ಪವಾಗಿ ತವರಿಗೇ ಬಂದಂತಾಯಿತು. ಆ ತವರಿನಲ್ಲಿ ಬಾತು ಬೇಯಿಸುವ ಕ್ರಮ ನೋಡಿದರೆ ಇಪ್ಪತ್ತು ನಿಮಿಷದ ಮಾತಿಗೆ ನಗು ಬರುತ್ತದೆ. ಚರ್ಮಕ್ಕೂ ಮಾಂಸಕ್ಕೂ ನಡುವೆ ಗಾಳಿ ಊದಿ ಬಿಡಿಸಿ, ಕುದಿನೀರು ಹೊಯ್ದು, ಮಾಲ್ಟ್ ಸಕ್ಕರೆಯ ಪಾಕ ಬಳಿದು, ಒಂದು ದಿನದಷ್ಟು ಹೊತ್ತು ನೇತುಹಾಕಿ ಒಣಗಿಸಿ, ಆಮೇಲೆ ಗೂಡಿನಲ್ಲಿ ಸುಡುತ್ತಾರೆ. ಬೀಜಿಂಗಿನಲ್ಲಿ 1864ರಲ್ಲಿ ಶುರುವಾದ ಚ್ವಾನ್‌ಜೂದೆ ಹೋಟೆಲಿನಲ್ಲಿ ಹಣ್ಣಿನ ಮರದ ಕಟ್ಟಿಗೆಯ ಬೆಂಕಿ. ಮನೆಯಲ್ಲಿ ಅದನ್ನು ಯಾರೂ ಮಾಡುವುದಿಲ್ಲ, ಚೀನಾದವರೂ ಮಾಡುವುದಿಲ್ಲ. ಮಾಡಬೇಕೆಂದು ನಾನೂ ಹೇಳುವುದಿಲ್ಲ.

ಗಡಿಯಾರ ಬಿಟ್ಟರೆ ತಲೆಬರಹದಲ್ಲಿ ನನಗೆ ಚುಚ್ಚುವ ಇನ್ನೊಂದು ಪದ ‘ಏಷ್ಯನ್’. ಬಾತುಕೋಳಿಯನ್ನೂ ನೂಡಲ್ಸನ್ನೂ ಒಟ್ಟಿಗೆ ಉಣ್ಣುವ ಊರುಗಳು ಏಷ್ಯಾದಲ್ಲಿ ಬೇಕಾದಷ್ಟಿವೆ, ಒಂದರಂತೆ ಇನ್ನೊಂದಿಲ್ಲ. ಹಾಂಕಾಂಗಿನಲ್ಲಿ ಸುಟ್ಟ ಬಾತನ್ನು ಕೊಚ್ಚಿ ದಪ್ಪ ಅಕ್ಕಿ ನೂಡಲ್ಸಿನ ಸಾರಿನ ಮೇಲಿಡುತ್ತಾರೆ. ನಾನ್‌ಜಿಂಗಿನಲ್ಲಿ ಬಾತಿನ ರಕ್ತವನ್ನು ಹೆಪ್ಪುಗಟ್ಟಿಸಿ ಸಣ್ಣೆಳೆ ಶಾವಿಗೆಯ ಸಾರು ಮಾಡುತ್ತಾರೆ. ವಿಯೆಟ್ನಾಮಿನಲ್ಲಿ ಬಾತು, ಕಳಲೆ, ಅಕ್ಕಿ ಶಾವಿಗೆ. ನಮ್ಮ ಮಲೆನಾಡಿನವರಿಗೂ ಕೊಡಗಿನವರಿಗೂ ಕಳಲೆಯ ಹೆಸರು ಕೇಳಿದರೆ ಸಾಕು ಬಾಯಲ್ಲಿ ನೀರೂರುತ್ತದೆ. ಥಾಯ್ಲೆಂಡಿನಲ್ಲಿ ಮಸಾಲೆಯಲ್ಲಿ ನಿಧಾನವಾಗಿ ಬೆಂದ ಬಾತು. ಜಪಾನಿನಲ್ಲಿ ಕುಟ್ಟುಗೋಧಿಯ ಸೋಬಾ ಶಾವಿಗೆ, ಬಾತಿನ ಹೋಳು, ದಪ್ಪ ಈರುಳ್ಳಿದಂಟು. ಕಾಮೊ ನಾನ್ಬಾನ್ ಎಂಬ ಈ ಅಡುಗೆ ಎದೋ ಕಾಲದ್ದು. ನೂಡಲ್ಸಿನ ವಂಶವೃಕ್ಷ ಕೇಳಿದರೆ ಇನ್ನೂ ಸೋಜಿಗ. ಚೀನಾದ ಚಿಂಗ್‌ಹಾಯ್ ಪ್ರಾಂತದ ಲಾಜಿಯಾದಲ್ಲಿ ಮಗುಚಿ ಬಿದ್ದ ಬೋಗುಣಿಯ ಕೆಳಗೆ ಸುಮಾರು 4000 ವರ್ಷ ಹಳೆಯ ಶಾವಿಗೆ ಸಿಕ್ಕಿತೆಂದು 2005ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅವರ ಪ್ರಕಾರ ಅದು ನವಣೆ ಮತ್ತು ಬರಗಿನ ಹಿಟ್ಟಿನದು. ಅಂಟಿಲ್ಲದ ಆ ಹಿಟ್ಟು ಎಳೆ ಹೇಗೆ ಬಂದೀತು ಎಂದು ಬೇರೆಯವರು ತಕರಾರು ತೆಗೆದಿದ್ದಾರೆ. ನವಣೆ ಬೆಳೆಯುವ ಸೀಮೆಯ ಹೆಂಗಸರನ್ನು ಕೇಳಿದ್ದರೆ ಎರಡು ಮಾತು ಹೇಳುತ್ತಿದ್ದರು.

ಇಷ್ಟೆಲ್ಲವನ್ನೂ ಬಳಿದು ಒಂದು ಪದದೊಳಗೆ ತುಂಬಿದರೆ ಏನು ಉಳಿಯುತ್ತದೆ? ಸೋಯಾ, ಜೇನು, ಶುಂಠಿ, ಎಳ್ಳೆಣ್ಣೆ. ‘ಏಷ್ಯನ್’ ಅಂದರೆ ಇಷ್ಟೇ. ತಮಾಷೆಯೆಂದರೆ ಇಂಗ್ಲೆಂಡಿನ ದಿನಪತ್ರಿಕೆಗಳಲ್ಲಿ ‘ಏಷ್ಯನ್’ ಎಂದು ಬರೆದರೆ ಸಾಮಾನ್ಯವಾಗಿ ಅರ್ಥ ನಾವು: ಭಾರತ, ಪಾಕಿಸ್ತಾನ, ಬಾಂಗ್ಲಾದವರು. ಅಲ್ಲಿನ ಜನಗಣತಿಯಲ್ಲಿ 2001ರಲ್ಲಿ ಚೀನೀಯರಿಗೆ ಬೇರೆ ಖಾನೆ ಇತ್ತು, 2011ರಲ್ಲಿ ಅವರನ್ನೂ ‘ಏಷ್ಯನ್’ ಖಾನೆಗೆ ತಂದರು. ಅಡುಗೆ ಪುಟದಲ್ಲಿ ಮಾತ್ರ ಉಲ್ಟಾ. ನನ್ನ ಮಗಳು ಅರ್ಜಿಯಲ್ಲಿ ಏಷ್ಯನ್, ರಸ್ತೆಯಲ್ಲಿ ಏಷ್ಯನ್. ಅವಳ ಸಾಸಿವೆ ಕರಿಬೇವು ಏಷ್ಯನ್ ಅಲ್ಲ. ಒಮ್ಮೆ ಆ ನೂಡಲ್ಸಿಗೆ ಒಂದೆಸಳು ಕರಿಬೇವು ಹಾಕೋಣವೆಂದೆ. ‘ಅದು ಏಷ್ಯನ್ ಆಗಲ್ಲಮ್ಮ’ ಅಂದಳು, ಅಂದವಳೇ ತಾನೇ ನಕ್ಕಳು.

ನಗುವಷ್ಟು ಶುದ್ಧರು ನಾವೂ ಅಲ್ಲ. ನಮ್ಮ ಊರೂರ ಬಸ್‌ಸ್ಟ್ಯಾಂಡಿನ ಪಕ್ಕ ಕೆಂಪಗೆ ಹೊಳೆಯುವ ಗೋಬಿ ಮಂಚೂರಿಗೂ ಮಂಚೂರಿಯಾಕ್ಕೂ ಏನು ಸಂಬಂಧ? ಕಲ್ಕತ್ತೆಯಲ್ಲಿ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್ 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ಮೊದಲು ಮಾಡಿದ್ದು ಕೋಳಿ ಮಂಚೂರಿಯನ್, ಗೋಬಿಯ ಅವತಾರ ಆಮೇಲಿನದು ಎನ್ನುತ್ತಾರೆ. ಅದಕ್ಕೆ ನಾವು ಬೆರೆಸಿದ ಬಣ್ಣ ಎಲ್ಲಿಗೆ ಹೋಯಿತೆಂದರೆ 2024ರ ಮಾರ್ಚ್ ತಿಂಗಳಲ್ಲಿ ರಾಜ್ಯ ಸರ್ಕಾರವೇ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಬೇಕಾಯಿತು. ‘ಚೈನೀಸ್ ತಿನ್ನೋಣವಾ’ ಎಂದು ಮಕ್ಕಳು ಕೇಳುವಾಗ ಇನ್ನೊಂದು ಸಂಗತಿ ನನಗೆ ನೆನಪಾಗುತ್ತದೆ. 1962ರ ಯುದ್ಧದ ನಂತರ ನಮ್ಮ ದೇಶದಲ್ಲಿ ತಲೆಮಾರುಗಳಿಂದ ಬಾಳಿದ್ದ ಸುಮಾರು 3000 ಚೀನೀ ಮೂಲದವರನ್ನು, ಹೆಂಗಸರು ಮಕ್ಕಳು ಸಮೇತ, ರಾಜಸ್ಥಾನದ ದೇವಳಿಯ ಶಿಬಿರದಲ್ಲಿ ಕೂಡಿಹಾಕಲಾಯಿತು. ಕೆಲವರು ವರ್ಷಗಟ್ಟಲೆ ಅಲ್ಲೇ ಇದ್ದರು. ಅವರ ನೂಡಲ್ಸನ್ನು ನಾವು ಬಿಡಲಿಲ್ಲ, ಅವರನ್ನು ಮರೆತೆವು. ‘ಶೈಲಿ’ ಎಂಬ ಪದಕ್ಕೆ ಈ ಅನುಕೂಲವಿದೆ. ಊಟ ಉಳಿಯುತ್ತದೆ, ಮಾಡಿದವರು ಬೇಕಾಗಿಲ್ಲ.

ಬೇಗ ಮಾಡುವ ಅಡುಗೆಯನ್ನು ಸುಳ್ಳಿಲ್ಲದೆ ಬರೆದವರು ಇಲ್ಲವೇ ಎಂದರೆ ಇದ್ದಾರೆ. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿ ಎದುವಾರ್ ದ ಪೊಮಿಯಾನ್ 1930ರಲ್ಲಿ ಹತ್ತು ನಿಮಿಷದ ಅಡುಗೆಯ ಪುಸ್ತಕ ಬರೆದ. ಮನೆಗೆ ಬಂದವರು ಕೋಟು ಬಿಚ್ಚುವ ಮೊದಲೇ ಒಲೆ ಹಚ್ಚಿ ದೊಡ್ಡ ಪಾತ್ರೆಯಲ್ಲಿ ನೀರಿಡಬೇಕು, ಯಾತಕ್ಕೆಂದು ಕೇಳಬೇಡಿ, ಯಾವುದಕ್ಕಾದರೂ ಬೇಕೇ ಆಗುತ್ತದೆ ಎಂಬ ಅರ್ಥದ ಮಾತಿನಿಂದ ಶುರುಮಾಡುತ್ತಾನೆ. ನೀರು ಕಾಯಲು ಹೊತ್ತು ಬೇಕು ಎಂಬುದು ಗೊತ್ತಿರುವವನ ಬರಹ ಅದು. ಹತ್ತು ನಿಮಿಷದಲ್ಲಿ ಆಗದ್ದನ್ನು ಅವನು ಪುಸ್ತಕಕ್ಕೇ ಸೇರಿಸಲಿಲ್ಲ.

ನನಗೆ ಇನ್ನೂ ಹೆಚ್ಚು ಇಷ್ಟವಾದವಳು ಬ್ಯುವೇ ಯಾಂಗ್ ಚಾವ್. ಚೀನಾದವಳು, ಟೋಕಿಯೋದಲ್ಲಿ ವೈದ್ಯಕೀಯ ಓದಿದ ಡಾಕ್ಟರು. ಅಲ್ಲಿನ ಊಟ ಸೇರದೆ ತಾನೇ ಅಡುಗೆ ಕಲಿತವಳು. ಭಾಷಾಶಾಸ್ತ್ರಜ್ಞನಾದ ಗಂಡನ ಜೊತೆ ಅಮೆರಿಕದಲ್ಲಿದ್ದಾಗ 1945ರಲ್ಲಿ ಅವಳ ಚೀನೀ ಅಡುಗೆಯ ಪುಸ್ತಕ ಬಂತು. ಮಗಳು ಇಂಗ್ಲಿಷಿಗೆ ತಿರುಗಿಸಿದಳು, ಗಂಡ ಅದರಲ್ಲಿ ಕೈಯಾಡಿಸಿದ, ಯಾರ ವಾಕ್ಯ ಉಳಿಯಬೇಕೆಂದು ಮೂವರೂ ಜಗಳವಾಡಿದರು. ಆ ಜಗಳವನ್ನು ಅವಳು ಮುಚ್ಚಿಡದೆ ಮುನ್ನುಡಿಯಲ್ಲೇ ಬರೆದಿದ್ದಾಳೆ. ‘ಗುಡ್ ಅರ್ಥ್’ ಬರೆದ ಪರ್ಲ್ ಬಕ್ ಈ ಪುಸ್ತಕ ಮೆಚ್ಚಿ, ಬರೆದವಳಿಗೆ ನೊಬೆಲ್ ಶಾಂತಿ ಪ್ರಶಸ್ತಿ ಕೊಡಬೇಕೆಂದಳು. ಜೋರು ಉರಿಯಲ್ಲಿ ಸ್ವಲ್ಪ ಎಣ್ಣೆಯಲ್ಲಿ ಕೈಬಿಡದೆ ಕೆದಕುತ್ತ ಬೇಯಿಸುವ ಕ್ರಮಕ್ಕೆ ಇಂಗ್ಲಿಷಿನಲ್ಲಿ ಪದವೇ ಇರಲಿಲ್ಲ. ಇಲ್ಲವೆಂದು ಹೇಳಿ, ಉದ್ದಕ್ಕೆ ವಿವರಿಸಿ, ‘ಸ್ಟರ್ ಫ್ರೈ’ ಎಂಬ ಪದವನ್ನು ಚಲಾವಣೆಗೆ ತಂದದ್ದು ಆ ಪುಸ್ತಕ. ನಮ್ಮ ‘ಬಾಡಿಸು’ ಅದರ ಹತ್ತಿರ ಬರುತ್ತದೆ, ಆದರೆ ನಮ್ಮದು ಸಣ್ಣ ಉರಿಯ ಪದ. ಇವತ್ತು ಆ ಪದವನ್ನು ಎಲ್ಲ ದಿಢೀರ್ ಪುಟಗಳೂ ಬಳಸುತ್ತವೆ. ಅದು ಯಾವ ಮನೆಯ ಜಗಳದಲ್ಲಿ ಹುಟ್ಟಿತೆಂದು ಒಂದೂ ಹೇಳುವುದಿಲ್ಲ. ‘ಏಷ್ಯನ್’ ಎನ್ನುವ ಕಡೆ ಅವಳು ಯಾರ ಅಡುಗೆ, ಯಾವ ಊರಿನದು ಎಂದು ಹೇಳುತ್ತಾಳೆ.

ಆ ರೆಸಿಪಿಯನ್ನು ನಾನು ತಿದ್ದಿದರೆ ಹೀಗೆ ಬರೆಯುತ್ತೇನೆ. ಒಬ್ಬರಿದ್ದರೆ ಐವತ್ತು ನಿಮಿಷ, ಇಬ್ಬರಿದ್ದರೆ ಮೂವತ್ತೈದು. ಬಾತು ತಣ್ಣನೆಯ ಬಾಣಲೆಯಲ್ಲಿ ಕೂತ ಹತ್ತು ನಿಮಿಷದಲ್ಲಿ ಸೊಪ್ಪು ತೊಳೆದು ಹೆಚ್ಚುವ ಕೆಲಸದ ಅರ್ಧ ಮುಗಿಸಬಹುದು. ಪಕ್ಕದ ಒಲೆಯಲ್ಲಿ ನೂಡಲ್ಸಿಗೆ ನೀರು. ನೂಡಲ್ಸನ್ನು ಸ್ವಲ್ಪ ಗಟ್ಟಿ ಇರುವಾಗಲೇ ಬಸಿದು ತಣ್ಣೀರು ಹಾಯಿಸಿ, ಇಲ್ಲದಿದ್ದರೆ ಕೊನೆಗೆ ಮುದ್ದೆ. ಬಸಿದ ಬಾತಿನ ಕೊಬ್ಬಿನಲ್ಲಿ ಒಂದೇ ಚಮಚ ಹಾಕಿ ಜೋರು ಉರಿಯಲ್ಲಿ ಶುಂಠಿ, ಬೆಳ್ಳುಳ್ಳಿ, ದಂಟು, ಕೊನೆಗೆ ಎಲೆ. ಆಮೇಲೆ ನೂಡಲ್ಸ್, ಸಾಸು. ಬಾತನ್ನು ಮೇಲೆ ಹರಡಿ, ಬಾಣಲೆಯೊಳಗೆ ಕೆದಕಬೇಡಿ. ಗರಿಯಾದ ಚರ್ಮ ಮೆತ್ತಗಾಗುತ್ತದೆ. ಬಾತು ಸಿಗದ ಊರಿನವರು ಕೋಳಿಯಲ್ಲಿ ಮಾಡಬಹುದು, ಆಗ ಎಣ್ಣೆ ಬೇಕು, ತಣ್ಣನೆ ಬಾಣಲೆ ಬೇಡ. ಅದು ಬೇರೆಯೇ ಅಡುಗೆ, ಅದನ್ನು ಬಾತು ಎನ್ನಬೇಡಿ.

ಸಸ್ಯಾಹಾರಿಗಳಿಗೆ ಬಾತಿನ ಬದಲು ಪನೀರು ಎಂದು ಬರೆಯುವ ಚಾಳಿ ನನಗಿಲ್ಲ. ನಿಮಗೆ ಶಾಂಘೈನ ಈರುಳ್ಳಿ ಎಣ್ಣೆಯ ನೂಡಲ್ಸ್ ಇದೆ. ಒಂದು ಕಟ್ಟು ಎಳೆ ಈರುಳ್ಳಿಯನ್ನು ಬೆರಳುದ್ದ ಕತ್ತರಿಸಿ, ಚೆನ್ನಾಗಿ ಒಣಗಿಸಿ, ಅರ್ಧ ಬಟ್ಟಲು ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕಂದಾಗುವ ತನಕ ಬಿಡಿ, ಕಾಲು ಗಂಟೆಗೆ ಕಡಿಮೆಯಿಲ್ಲದಂತೆ. ಅದಕ್ಕೆ ಸೋಯಾ ಸಾಸ್, ಚಿಟಿಕೆ ಸಕ್ಕರೆ ಬೆರೆಸಿ ಬಿಸಿ ನೂಡಲ್ಸಿಗೆ ಕಲಸಿ. ಮೊಟ್ಟೆ ಇಲ್ಲದ ಗೋಧಿ ನೂಡಲ್ಸ್ ನೋಡಿ ತನ್ನಿ. ಉಳಿದ ಎಣ್ಣೆ ಸೀಸೆಯಲ್ಲಿಟ್ಟರೆ ವಾರ ಫ್ರಿಜ್ಜಿನಲ್ಲಿರುತ್ತದೆ.

ಬಾತು ಮಾಡಿದವರಿಗೂ ಒಂದು ಉಳಿಕೆಯಿದೆ. ಬಟ್ಟಲಿಗೆ ಬಸಿದ ಕೊಬ್ಬನ್ನು ಚೆಲ್ಲಬೇಡಿ, ಆ ದಿಢೀರ್ ಪುಟಗಳು ಅದರ ಮಾತನ್ನೇ ಎತ್ತುವುದಿಲ್ಲ. ಸೋಸಿ ಫ್ರಿಜ್ಜಿನಲ್ಲಿಟ್ಟರೆ ಬೆಣ್ಣೆಯಂತೆ ಗಟ್ಟಿಯಾಗಿ ಕೂರುತ್ತದೆ. ಮರುದಿನ ಅದರಲ್ಲಿ ಆಲೂಗಡ್ಡೆ ಹುರಿದರೆ ಮಕ್ಕಳು ತಟ್ಟೆ ನೆಕ್ಕುತ್ತಾರೆ. ಅದಕ್ಕೆ ಇಪ್ಪತ್ತು ನಿಮಿಷ ಧಾರಾಳ ಸಾಕು, ಆಲೂಗಡ್ಡೆಯನ್ನು ಯಾರಾದರೂ ಮೊದಲೇ ಬೇಯಿಸಿ ಸಿಪ್ಪೆ ಸುಲಿದಿಟ್ಟಿದ್ದರೆ.